ದೋಣಿಯ ಸದ್ದು ತಗ್ಗಿಸಿದ ಮೇಲೆ

ಶಹಾಪುರದ ಮನೆ ಬಿಟ್ಟು, ಸುರಪುರದಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ದಂಡೆಗೆ ನಡೆದು ಬರುವಷ್ಟರಲ್ಲೇ ನನಗೆ ಅರ್ಧ ದಿನದ ದಣಿವಾಗಿರುತ್ತಿತ್ತು. ಅಲ್ಲಿಂದ ನಾನು ಪಾಠ ಹೇಳುವ ನಡುಗಡ್ಡೆಯ ಶಾಲೆಗೆ ದೋಣಿಯೇ ಗತಿ. ಹೊಲಕ್ಕೆ ನೀರೆತ್ತುವ ಹಳೆಯ ಡೀಸೆಲ್ ಇಂಜಿನ್ನು ಕೂಡಿಸಿದ ಸಣ್ಣ ಮೋಟಾರು ದೋಣಿ. ಅದರ ಸದ್ದು ಕಿವಿಯಲ್ಲಷ್ಟೇ ಅಲ್ಲ, ಹಲ್ಲಿನಲ್ಲೂ ನಡುಗುತ್ತಿತ್ತು. ದೋಣಿಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆ ಸೇರಿದ ಮೇಲೂ ಕಿವಿ ಗುಂಯ್‌ಗುಡುತ್ತಿತ್ತು. ಮಕ್ಕಳು ಓದಿದ್ದು ಸರಿಯಾಗಿ ಕೇಳದೆ ನಾನೇ ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ದೋಣಿ ನಡೆಸುವ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಒಂದು ದಿನ ದಂಡೆಯಲ್ಲಿ ಅವರನ್ನು ತಡೆದು ನಿಲ್ಲಿಸಿದೆ.

“ಕಾಕಾ, ಈ ಗದ್ದಲಕ್ಕ ಏನರ ಮಾಡ್ರಿ. ನನಗ ಸಾಕಾಗಿ ಹೋಗ್ಯದ.”

ನನ್ನ ಮುಖವನ್ನೇ ನೋಡುತ್ತಿದ್ದವರು, “ಇಂಜಿನ್ ಅಂದ ಮ್ಯಾಲ ಗದ್ದಲ ಇರೋದೇರಿ ಅಕ್ಕೋರ” ಎಂದು ನಕ್ಕರು. ಆದರೆ ಬೇಡವೆನ್ನಲಿಲ್ಲ.

ಮೊದಲು ಇಂಜಿನ್ನಿಗೆ ಹಸಿ ಗೋಣಿಚೀಲ ಹೊದಿಸಿದೆವು. ಅದು ಕಾದು ಹೊಗೆಯಾಡಿದಾಗ ಕಿತ್ತು ನೀರಿಗೆಸೆಯಬೇಕಾಯಿತು. ಆಮೇಲೆ ಶಹಾಪುರದ ವೆಲ್ಡಿಂಗ್ ಅಂಗಡಿಯ ಮೇಸ್ತ್ರಿಯನ್ನು ರಜೆಯ ದಿನ ಕರೆತಂದೆ. ಅವನು ಹೊಗೆ ಕೊಳವೆಗೆ ದೊಡ್ಡ ಸೈಲೆನ್ಸರ್ ಬೆಸೆದ. ಹಳೆಯ ಲಾರಿ ಟಯರಿನ ದಪ್ಪ ತುಂಡುಗಳನ್ನು ಇಂಜಿನ್ನಿನ ಬುಡಕ್ಕೆ ಕೊಟ್ಟು ಬೋಲ್ಟು ಬಿಗಿದ. ಒಳಗೆ ರಬ್ಬರ್ ಹಾಸಿದ ಹಲಗೆಯ ಪೆಟ್ಟಿಗೆ ಮುಚ್ಚಿ, ಗಾಳಿಗೆ ಒಂದು ಕಿಂಡಿ ಬಿಟ್ಟ.

ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಸಹಿಸುವಷ್ಟಾಯಿತು. ನಡುಗಡ್ಡೆಯ ಹೆಣ್ಣುಮಕ್ಕಳು ದೋಣಿಯಲ್ಲಿ ಈ ದಂಡೆಯಿಂದ ಆ ದಂಡೆ ಸೇರುವತನಕ ಮಾತಾಡಿದರು, ಜಗಳವನ್ನೂ ಆಡಿದರು. ನಾನು ಚೀಲಕ್ಕೆ ತಲೆಯಾನಿಸಿ ಕಣ್ಣು ಮುಚ್ಚತೊಡಗಿದೆ. ಅಷ್ಟು ಸಣ್ಣ ನಿದ್ದೆಗೆ ನಾನು ಎಷ್ಟು ಹಸಿದಿದ್ದೆ ಎಂಬುದು ಆಗಲೇ ತಿಳಿದದ್ದು.

ಕೆಲವು ದಿನ ಕಳೆದಿರಬೇಕು. ಸಂಜೆ ಮರಳುವಾಗ ನಡುಹೊಳೆಯಲ್ಲಿ ಏನೋ ಬದಲಾದಂತಾಗಿ ಎಚ್ಚರಾಯಿತು. ಇಂಜಿನ್ ನಿಂತಿತ್ತು. ದೋಣಿ ಆಗಷ್ಟೇ ಮೆಲ್ಲಗೆ ಅಡ್ಡ ತಿರುಗುತ್ತ ಸೆಳವಿನ ಜೊತೆ ಬಂಡೆಗಳತ್ತ ಹೊರಟಿತ್ತು. ಕಾಕಾ ಮಾತ್ರ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಲೇ ಇದ್ದರು.

“ಕಾಕಾ! ಇಂಜಿನ್ ಬಂದ್ ಆಗ್ಯದ!”

ಅವರು ತಿರುಗಲಿಲ್ಲ. ಎಲ್ಲರೂ ಕೂಗಿದರು. ನಾನು ಎದ್ದು ಹೋಗಿ ಹೆಗಲು ಹಿಡಿದು ಅಲುಗಿಸಿದೆ. ಬೆಚ್ಚಿದವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಹೇಗೋ ಚಾಲೂ ಮಾಡಿದರು.

ದಂಡೆ ಸೇರಿ ಜನ ಹೋದ ಮೇಲೆ ಅವರೇ ಮಾತು ತೆಗೆದರು.

“ಕಿವಿ ಹೋಗಿ ಭಾಳ ದಿನ ಆತ್ರಿ ಅಕ್ಕೋರ. ಮಂದಿ ಬಾಯಿ ನೋಡಿ ತಿಳ್ಕೋತೇನಿ. ಇಂಜಿನ್ ನಡದದ್ದು ಕಾಲಾಗಿನ ನಡುಕದಾಗ ಗೊತ್ತಾಗ್ತಿತ್ತು. ಬುಡಕ್ಕ ರಬ್ಬರ್ ಕೊಟ್ಟ ಮ್ಯಾಲ ಆ ನಡುಕ ಕಾಲಿಗೆ ಬರವಲ್ದು.”

 ಅವರೆದುರು ನಿಂತು ನಿಧಾನವಾಗಿ ಕೇಳಿದೆ: “ರಬ್ಬರ್ ತಗಸೂಣೇನ್ರಿ?”

“ಬ್ಯಾಡ್ರಿ. ಮಂದಿ ಈಗ ಮಾತಾಡಾಕತ್ಯಾರ. ನನ್ನಂಗ ಅವರ ಕಿವೀನೂ ಯಾಕ ಹೋಗಬೇಕು? ನೀವು ದಿನಾ ಬರ್ತೀರಲ್ಲ. ನನ್ನ ಬಾಜೂ ಕೂಡ್ರಿ. ದನಿ ಬ್ಯಾರೆ ಆದ್ರ ಹೆಗಲ ಮ್ಯಾಲ ಬಡೀರಿ, ಸಾಕು.”

ಮರುದಿನ ನನ್ನ ಚೀಲವನ್ನು ಅವರ ಪಕ್ಕಕ್ಕೆ ಇಟ್ಟೆ.

ಈಗ ಆ ಪೆಟ್ಟಿಗೆಯ ಪಕ್ಕದ ಹಲಗೆ ನನ್ನದು. ನಿದ್ದೆಗೆ ಕಣ್ಣು ಎಳೆಯುತ್ತದೆ, ಹೊಳೆನೀರು ಮುಖಕ್ಕೆ ಚಿಮುಕಿಸಿಕೊಳ್ಳುತ್ತೇನೆ. ಯಾರಾದರೂ ಮಾತಾಡಿಸಿದರೆ ಅರ್ಧ ಗಮನದಲ್ಲಿ ಉತ್ತರ ಕೊಡುತ್ತೇನೆ. ನಡುಹೊಳೆಯಲ್ಲಿ ಕಾಕಾ ಹುಬ್ಬೇರಿಸಿ ನನ್ನತ್ತ ನೋಡುತ್ತಾರೆ. ನಾನು ಒಮ್ಮೆ ಕಿವಿಗೊಟ್ಟು ಕೇಳಿ, ಇಂಜಿನ್ ನಡೆದಿದೆ ಎಂದು ತಲೆಯಾಡಿಸುತ್ತೇನೆ.