ಶಹಾಡ್ ಬರುವಷ್ಟರಲ್ಲಿ ಕೇಳಿದ ನಕ್ಷತ್ರಗಳು

1988ರಲ್ಲಿ, ಆರನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಆಮೇಲೆ ನನಗೆ ಪಾಠ ಹೇಳಿದವರು ಒಬ್ಬರೇ, ಮುಂಬೈ ಲೋಕಲ್ ಟ್ರೇನಿನ ನಮ್ಮ ಸರ್. ಅವರ ಅಂಗಿಯ ಜೇಬಿನಿಂದ ಒಡೆದ ಸಿ.ಡಿ.ಯ ಚೂರೊಂದು ಸದಾ ಇಣುಕುತ್ತಿತ್ತು. ಅದು ಚುಚ್ಚಿ ಚುಚ್ಚಿ ಜೇಬಿನ ಮೂಲೆ ಹರಿದಿತ್ತು. ಉಡುಪಿ ಕಡೆಯವರು, ಠಾಣೆಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ನಾನು ವಿಜಾಪುರದವ, ಶಹಾಡ್‌ನ ಭಂಗಾರ್ ಗೋದಾಮಿನಲ್ಲಿ, ಗುಜರಿಗೆ ಬಂದ ಹಳೇ ಕಬ್ಬಿಣ ಬೇರ್ಪಡಿಸುತ್ತಿದ್ದೆ. ಇಬ್ಬರೂ ಟಿಟ್ವಾಳಾದಲ್ಲಿ ಹತ್ತುತ್ತಿದ್ದೆವು. ಅಲ್ಲಿಂದ ಶಹಾಡ್ ಎರಡನೆಯ ಸ್ಟೇಷನ್. ನನ್ನ ಪಾಠ ದಿನಕ್ಕೆ ಅಷ್ಟೇ.

ಮೊದಲ ಸಲ ಮಾತಾಡಿದಾಗ ಕೆಲಸ ಏನೆಂದು ಕೇಳಿದರು.

“ಗ್ರೈಂಡರಿಗೆ ಹಚ್ಚಿ ಕಿಡಿ ನೋಡ್ತೀನ್ರಿ ಸರ. ಹೂವಿನಂಗ ಕವಲೊಡದು ಸಿಡಿದ್ರ ಗಟ್ಟಿ ಉಕ್ಕು. ಗಿಡ್ಡ ಕೆಂಪು ಕಿಡಿ ಬಿದ್ರ ಬೀಡು ಕಬ್ಬಿಣ.”

“ನನ್ನದೂ ಅದೇ ಕೆಲಸ ಮಾರಾಯ್ರೆ. ನನ್ನ ಭಂಗಾರ್ ಸ್ವಲ್ಪ ದೂರ ಉಂಟು, ಅಷ್ಟೇ.”

ಸಿ.ಡಿ. ಚೂರನ್ನು ಟ್ರೇನಿನ ಡಬ್ಬಿಯ ಟ್ಯೂಬ್‌ಲೈಟಿಗೆ ಹಿಡಿದರು. ಬೆಳಕು ಬಣ್ಣಬಣ್ಣದ ಪಟ್ಟಿಗಳಾಗಿ ಒಡೆಯಿತು. ನಕ್ಷತ್ರದ ಬೆಳಕನ್ನೂ ಹೀಗೇ ಬಿಡಿಸಿದರೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ, ಕಬ್ಬಿಣಕ್ಕೆ ಅದರದೇ ಗೆರೆ, ಮೆಗ್ನೀಶಿಯಂಗೆ ಅದರದೇ ಎಂದರು. ನೌಕರಿ ಮಾಡುತ್ತಲೇ ಹತ್ತಾರು ವರ್ಷಗಳಿಂದ ಅದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದರು.

“ನಮ್ಮ ಆಕಾಶಗಂಗೆ ಮುಂಬೈ ಇದ್ದ ಹಾಗೆ. ಸುತ್ತಮುತ್ತ ಹಳ್ಳಿಗಳುಂಟು, ಕುಬ್ಜ ಗ್ಯಾಲಕ್ಸಿ ಅಂತ. ಅಲ್ಲಿ ದೊಡ್ಡ ನಕ್ಷತ್ರ ಸಿಡಿದರೆ ಅದು ಬೇಯಿಸಿದ್ದನ್ನು ಹಿಡಿದಿಡುವಷ್ಟು ಸೆಳೆತ ಹಳ್ಳಿಗಿಲ್ಲ. ಸುಮಾರು ಹಾರಿಹೋಗ್ತದೆ. ಆಮೇಲೆ ಹುಟ್ಟುವ ನಕ್ಷತ್ರಕ್ಕೆ ಕಬ್ಬಿಣ ಕಡಿಮೆ.”

“ಅಂದ್ರ ನಾನೂ ಹಾರಿ ಬಂದ ಕಬ್ಬಿಣ ಅನ್ರಿ.”

“ಬಂದವನದ್ದು ಇರಲಿ. ಅಲ್ಲೇ ಉಳಿದವನ ಲೆಕ್ಕ ನೋಡಿ.”

ಊರಲ್ಲಿ ಉಳಿದ ತಮ್ಮನ ನೆನಪಾಯಿತು. ಅಷ್ಟರಲ್ಲಿ ಶಹಾಡ್ ಬಂತು.

ಅವರಿಗೊಂದೇ ಆಸೆ, ಇದನ್ನೆಲ್ಲ ನಮ್ಮಂಥವರಿಗೆ ಕನ್ನಡದಲ್ಲಿ ಒಮ್ಮೆ ಪೂರ್ತಿ ಹೇಳಬೇಕೆಂದು. 2011ರಲ್ಲಿ ಡೊಂಬಿವಲಿಯ ಕನ್ನಡ ಸಂಘವೊಂದು ವಾರ್ಷಿಕೋತ್ಸವದಲ್ಲಿ ಒಂದು ತಾಸು ಕೊಡಲು ಒಪ್ಪಿತು. ಸರ್ ತಿಂಗಳುಗಟ್ಟಲೆ ಟ್ರೇನಿನಲ್ಲಿ ವಾಕ್ಯಗಳನ್ನು ನನ್ನ ಮೇಲೆ ಪರೀಕ್ಷಿಸಿದರು. ನಾನು ಹುಬ್ಬು ಗಂಟಿಕ್ಕಿದರೆ ಆ ವಾಕ್ಯ ಹೊಡೆದುಹಾಕುತ್ತಿದ್ದರು. “ನಿಮಗೆ ತಿಳಿಯದಿದ್ದರೆ ತಪ್ಪು ನಂದು” ಎನ್ನುತ್ತಿದ್ದರು. ಗ್ರೈಂಡರ್ ತನ್ನಿ, ಮೊದಲು ಕಿಡಿ, ಆಮೇಲೆ ನಕ್ಷತ್ರ ಎಂದು ಹೇಳಿಟ್ಟಿದ್ದರು.

ಆ ದಿನ ಮುಖ್ಯ ಅತಿಥಿ ತಡವಾಗಿ ಬಂದರು. ಸನ್ಮಾನಗಳು ಮುಗಿಯಲೇ ಇಲ್ಲ. ಕಾರ್ಯದರ್ಶಿ ಬಂದು, “ಸರ್, ಹತ್ತು ನಿಮಿಷದಲ್ಲಿ ಮುಗಿಸಿಬಿಡಿ ಆಯ್ತಾ, ಊಟ ತಣ್ಣಗಾಗ್ತದೆ” ಎಂದರು. ಸರ್ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು.

“ನೀವು ಕಿಡಿ ತೋರಿಸಿ. ಕಿಡಿಗೆ ಹತ್ತು ನಿಮಿಷ ಸಾಕು.”

“ನಿಮ್ದು, ಸರ?”

“ಮುಂದಿನ ವರ್ಷ ನೋಡುವ.”

ಸ್ಟೇಜಿನ ದೀಪ ಆರಿಸಿದರು. ನಾನು ಒಂದೊಂದೇ ತುಂಡು ಗ್ರೈಂಡರಿಗೆ ಹಚ್ಚಿದೆ. ಮಕ್ಕಳು ಕುರ್ಚಿ ಬಿಟ್ಟು ಮುಂದೆ ಬಂದರು, ಚಪ್ಪಾಳೆಯ ಮೇಲೆ ಚಪ್ಪಾಳೆ. ನನ್ನ ಜೀವನದಲ್ಲಿ ಅಷ್ಟು ಮಂದಿ ನನ್ನ ಕೆಲಸ ನೋಡಿದ್ದು ಅದೊಂದೇ ಸಲ. ಸರ್ ಪರದೆಯ ಪಕ್ಕ ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಹಳ್ಳಿ ಗ್ಯಾಲಕ್ಸಿಗಳ ಬಗ್ಗೆ ಅಲ್ಲಿ ಯಾರೂ ಒಂದು ಮಾತೂ ಕೇಳಲಿಲ್ಲ.

ಮುಂದಿನ ವಾರ್ಷಿಕೋತ್ಸವಕ್ಕೆ ಮೊದಲೇ ಅವರ ಹೃದಯ ನಿಂತಿತು. ಪ್ರಬಂಧವೂ ಮುಗಿದಿರಲಿಲ್ಲ. ಟ್ರೇನಿನಲ್ಲಿ ಪಕ್ಕದವರಿಗೆ ನಾನೇ ಹೇಳಲು ನೋಡಿದ್ದೇನೆ. ನಕ್ಷತ್ರಗಳಲ್ಲಿ ಮೆಗ್ನೀಶಿಯಂ ಬೇಗ ಆಗುತ್ತದೆ, ಕಬ್ಬಿಣ ತಡವಾಗಿ ಎನ್ನುವವರೆಗೆ ಬರುತ್ತೇನೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ; ಅದನ್ನು ಸರ್ ಹೇಳಹೊರಟಾಗ ಶಹಾಡ್ ಬಂದಿತ್ತು.

ಈಗ ನನ್ನ ಹತ್ತಿರ ಸ್ವಂತದ ಗೋದಾಮು ಒಂದು. ಗ್ರೈಂಡರ್ ಮೂರು. ಟಿಟ್ವಾಳಾದಲ್ಲಿ ಫ್ಲ್ಯಾಟ್ ಒಂದು. ಅವರ ಹೆಂಡತಿ ಕೊಟ್ಟ ಸಿ.ಡಿ. ಚೂರು ಒಂದು. ಸರ್ ಮಾಡದೇ ಹೋದ ಒಂದು ತಾಸಿನ ಆ ಭಾಷಣದಲ್ಲಿ, ಎರಡು ಸ್ಟೇಷನ್ನಿನಷ್ಟು.