ಬ್ಯಾರನ್ನಿನೊಳಗೆ ಒಬ್ಬರಿದ್ದಾರೆ

"ಒಳಗೆ ಒಬ್ಬರಿದ್ದಾರೆ."

ಬ್ಯಾರನ್ ಪೂರ್ತಿ ಖಾಲಿ. ನಾನೇ ಟಾರ್ಚ್ ಹಿಡಿದು ಮೂಲೆಮೂಲೆ ನೋಡಿ ಬಂದಿದ್ದೆ. ಆದರೂ ಬಾಗಿಲ ಮೇಲಿನ ಸ್ಪೀಕರ್ ಹೆಣ್ಣು ದನಿಯಲ್ಲಿ ಅದನ್ನೇ ಹೇಳುತ್ತಿತ್ತು. ಬೆಳ್ಳಂಬೆಳಗ್ಗೆ ನನ್ನ ಮೈ ಜುಂ ಅಂದಿತು.

"ಎದ್ರುಕೋಬ್ಯಾಡ ಕಣಯ್ಯ," ನಕ್ಕರು ಭಾವ ಮಾದೇವಪ್ಪ. "ಅದು ಯಾವಾಗ್ಲೂ ಒಬ್ರು ಜಾಸ್ತಿನೇ ಕೂಗೋದು. ಒಬ್ರು ಅಂದ್ರೆ ಯಾರೂ ಇಲ್ಲ ಅಂತ."

ಕಳೆದ ವಾರ ಗುರುಪುರದ ಕಡೆ ಅಕ್ಕನ ಮನೆಗೆ ಹೋಗಿದ್ದೆ. ಅವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ನೇತುಹಾಕಿ, ಬಾಗಿಲು ಜಡಿದು, ಹೊರಗಿನ ಒಲೆಗೆ ಬೆಂಕಿ ಕೊಟ್ಟು ಆ ಕಾವಿನಲ್ಲಿ ಒಣಗಿಸುತ್ತಾರೆ. ಒಳಗೆ ಯಾರಾದರೂ ಉಳಿದುಬಿಟ್ಟರೆ? ಅದಕ್ಕೇ ಅಕ್ಕನ ಮಗಳು ರಶ್ಮಿ (ಕಂಪ್ಯೂಟರ್ ಡಿಪ್ಲೊಮಾ ಓದುತ್ತಾಳೆ, ಮಾತು ಕಮ್ಮಿ) ಒಂದು ಏರ್ಪಾಡು ಮಾಡಿದ್ದಳು. ಕೆಲಸದವರ ಕೊರಳಿಗೆಲ್ಲ, ಒಳಗಿದ್ದರೆ ಗೊತ್ತಾಗುವಂಥ ಎಲೆಕ್ಟ್ರಾನಿಕ್ ಟ್ಯಾಗ್. ಪುಟ್ಟ ಕಂಪ್ಯೂಟರ್ ಒಂದು ಕಮಾಂಡ್ ಓಡಿಸಿ, ಒಳಗಿರುವವರ ಹೆಸರನ್ನು ಸಾಲಿಗೊಂದರಂತೆ ತರುತ್ತದೆ. ಅವಳು ಬರೆದ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಆ ಸಾಲುಗಳನ್ನು ಎಣಿಸಿ ಸ್ಪೀಕರಿನಲ್ಲಿ ಕೂಗುತ್ತದೆ.

ಹಾಗಾದರೆ ಆ ಇಲ್ಲದ ಒಬ್ಬರು ಯಾರು?

ನಾನು ಛೇಡಿಸಿದ್ದಕ್ಕೆ ರಶ್ಮಿ ಲ್ಯಾಪ್‌ಟಾಪ್ ತೆರೆದಳು. ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಲೈನ್ ಬ್ರೇಕ್ ಇರುತ್ತದಂತೆ. ಎಣಿಸಲೆಂದು ಆ ಬ್ರೇಕ್ ಇರುವಲ್ಲೆಲ್ಲ ಕತ್ತರಿಸಿದರೆ ಕೊನೆಯ ಬ್ರೇಕಿನ ಆಚೆ ಒಂದು ಖಾಲಿ ತುಂಡು ಉಳಿಯುತ್ತದೆ; ಒಂದು ಹೆಸರೂ ಇಲ್ಲದಾಗಲೂ ಆ ಖಾಲಿ ತುಂಡು ಇದ್ದೇ ಇರುತ್ತದೆ. ಸ್ಕ್ರಿಪ್ಟು ಆ ಖಾಲಿಯನ್ನೂ ಒಬ್ಬ ಮನುಷ್ಯ ಅಂತ ಎಣಿಸುತ್ತಿತ್ತು! ಅವಳು ಖಾಲಿ ತುಂಡನ್ನು ಕೈಬಿಡುವಂತೆ ತಿದ್ದಿದಳು. "ಈಗ ಸರಿಹೋಯ್ತು ಮಾಮ." ಭಾವ ಅಷ್ಟರಲ್ಲಿ ಹೊಲಕ್ಕೆ ಹೋಗಿದ್ದರು.

ಮಧ್ಯಾಹ್ನ ಬ್ಯಾರನ್ ತುಂಬಿತು. ಭಾವ ಬಂದು ಬಾಗಿಲು ಜಡಿದರು.

"ಒಳಗೆ ಒಬ್ಬರಿದ್ದಾರೆ," ಅಂತು ಸ್ಪೀಕರ್.

"ಯಾರೂ ಇಲ್ಲ ಬುಡು," ಅನ್ನುತ್ತಾ ಭಾವ ಒಲೆಯ ಮುಂದೆ ಕೂತು ಬೆಂಕಿಕಡ್ಡಿ ಗೀರಿದರು.

ರಶ್ಮಿ ಕಿರುಚಿದ ರಭಸಕ್ಕೆ ಕಡ್ಡಿ ಕೈಯಿಂದ ಬಿತ್ತು. "ಹಚ್ಬ್ಯಾಡ ಕಣಪ್ಪಾ! ಬೆಳಗ್ಗೇನೇ ಸರಿ ಮಾಡಿದ್ದೀನಿ. ಈಗ ಒಬ್ರು ಅಂದ್ರೆ ಒಬ್ರೇ!"

ಬಾಗಿಲು ತೆಗೆದರೆ, ಮೂಲೆಯಲ್ಲಿ ಸಿದ್ದಮ್ಮ ಕುಸಿದು ಕೂತಿದ್ದರು. ಸೊಪ್ಪು ಕಟ್ಟಲು ಬರುವ ಹೆಂಗಸು. ಹಸಿ ಸೊಪ್ಪಿನ ನಂಜೇರಿ ತಲೆ ಸುತ್ತಿ, ಕೂಗಲು ದನಿಯೇ ಎದ್ದಿರಲಿಲ್ಲ. ಭಾವ ಓಡಿಹೋಗಿ ಅವರನ್ನು ಎತ್ತಿ ಹೊರಗೆ ತಂದರು. ಅಬ್ಬಾ, ಒಂದು ಸುಳ್ಳಿಗೆ ನಾವು ಎಷ್ಟು ಬೇಗ ಒಗ್ಗಿಹೋಗುತ್ತೇವೆ, ಅಲ್ಲವೇ?

ನೀರು ಕುಡಿಸಿದ ಮೇಲೆ ಸಿದ್ದಮ್ಮ ಭಾವನ ಮುಖವನ್ನೇ ನೋಡಿದರು. "ಯಾರೂ ಇಲ್ಲ ಅಂದ್ಯಲ್ಲಾ ಮಾದೇವಣ್ಣ, ಒಳಕ್ಕೆ ಕೇಳುಸ್ತು. ನಾನು ಆಗ್ಲೇ ಸತ್ತೋಗಿದ್ದೀನೇನೋ ಅನ್ಕಂಡೆ."