ಪರದೆಯಾಚೆಯ ಬಹುವಚನ

ಕಾಂಪೌಂಡರ್ ಪರೀಕ್ಷೆಗೆ ಲ್ಯಾಟಿನ್ ಬೇಕಿತ್ತು. ಬೇಕಿತ್ತು ಎಂದರೆ, ಡಾಕ್ಟರು ಚೀಟಿಯಲ್ಲಿ ಗೀಚುವ ಒಂದಷ್ಟು ಪದಗಳು ತಿಳಿದರೆ ಸಾಕಿತ್ತು. ನಮ್ಮ ಸಾಹೇಬರಿಗೆ ಮಾತ್ರ ಅಷ್ಟು ಸಾಲದು. ಹೊನ್ನಾಳಿಯಲ್ಲಿ ಔಷಧಿ ಕಲಸಿ ಕಲಸಿ ನಿವೃತ್ತರಾಗಿದ್ದ ಅವರು, ನಾಮಪದ, ಕ್ರಿಯಾಪದಗಳ ಏಕವಚನ ಬಹುವಚನವೆಲ್ಲ ಬಾಯಿಪಾಠವಾಗದೆ ಯಾರನ್ನೂ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಕಳಿಸುವುದಕ್ಕೆ ಆಗ ಇದ್ದವನು ನಾನೊಬ್ಬನೇ.

ಮೂವತ್ತರ ದಶಕ ಮುಗಿಯುತ್ತಿತ್ತು. ನನ್ನ ಅಣ್ಣ ಜಗಳೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ. ಪರೀಕ್ಷೆ ಪಾಸಾದರೆ ಆಸ್ಪತ್ರೆ, ಇಲ್ಲದಿದ್ದರೆ ಅವನ ಅಂಗಡಿಯ ಗಲ್ಲಾಪೆಟ್ಟಿಗೆ ಎಂದು ತೀರ್ಮಾನವಾಗಿತ್ತು. ಶೇಂಗಾದ ಧೂಳಿಗೆ ನನಗೆ ಸೀನು ಬರುತ್ತಿತ್ತು, ಅಣ್ಣನ ಗಿರಾಕಿಗಳನ್ನು ಕಂಡರೆ ಸಿಟ್ಟು ಬರುತ್ತಿತ್ತು. ಆದ್ದರಿಂದ ಗೋವಿನಕೋವಿಯಿಂದ ಬೆಳಗಿನ ಹೊತ್ತು ಬುತ್ತಿ ಕಟ್ಟಿಕೊಂಡು ಸಾಹೇಬರ ಮನೆಗೆ ನಡೆದುಬರುತ್ತಿದ್ದೆ.

ಸಾಹೇಬರು ಕಲಿತದ್ದು ಯಾವುದೋ ಮಿಷನ್ ಆಸ್ಪತ್ರೆಯಲ್ಲಂತೆ. ಅಲ್ಲಿ ಹುಡುಗರನ್ನು ಸಾಲಾಗಿ ಕೂರಿಸಿ, ಏಕವಚನವನ್ನು ಒಬ್ಬನಿಂದ, ಬಹುವಚನವನ್ನು ಎಲ್ಲರಿಂದ ಒಟ್ಟಿಗೆ ಹೇಳಿಸುತ್ತಿದ್ದರಂತೆ. ಒಂಟಿ ಬಾಯಲ್ಲಿ ಬಹುವಚನ ಹೇಳುವುದು ಅವರ ಪ್ರಕಾರ ಸುಳ್ಳು ಹೇಳಿದ ಹಾಗೆ. ನಾನಿದ್ದದ್ದು ಒಬ್ಬ. ಅದಕ್ಕೆ ಅವರು ಕಂಡುಕೊಂಡ ಉಪಾಯ ಅವರ ಮಗಳು. ನಾನು ಪಡಸಾಲೆಯಲ್ಲಿ, ಅವಳು ನಡುಬಾಗಿಲ ಪರದೆಯಾಚೆ. ನಾನು ‘ಗುಟ್ಟಾ’ ಎನ್ನಬೇಕು, ಒಂದು ಹನಿ. ಸಾಹೇಬರು ಔಷಧಿ ಅರೆಯುವ ಕಲ್ಬತ್ತಿನ ಕುಟ್ಟಾಣಿಯಿಂದ ಮಣೆಗೆ ಒಮ್ಮೆ ಬಡಿಯುತ್ತಿದ್ದರು. ಆಗ ನಾವಿಬ್ಬರೂ ಕೂಡಿ ‘ಗುಟ್ಟೇ’ ಎನ್ನಬೇಕು, ಹನಿಗಳು. ‘ದೋ’ ಎಂದರೆ ಕೊಡುತ್ತೇನೆ. ಉರ್ದುವಿನಲ್ಲೂ ‘ದೋ’ ಎಂದರೆ ಕೊಡು, ಅದು ತಮ್ಮ ಭಾಷೆಗೆ ಹತ್ತಿರವೆಂದು ಸಾಹೇಬರಿಗೆ ಬಲು ಹೆಮ್ಮೆ. ನಾನು ‘ದೋ, ದಾಸ್, ದಾತ್’ ಎಂದು ನಿಲ್ಲಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಕುಟ್ಟಾಣಿ ಬಡಿಯುತ್ತಿತ್ತು, ಇಬ್ಬರೂ ‘ದಾಮುಸ್, ದಾತಿಸ್, ದಾಂತ್’ ಎಂದು ಅದರ ಬಹುವಚನ ಮುಗಿಸುತ್ತಿದ್ದೆವು.

ಅವಳ ಮುಖವನ್ನು ನಾನು ಕೊನೆಯವರೆಗೂ ನೋಡಲಿಲ್ಲ. ದನಿ ಸಣ್ಣದು, ತಡವರಿಕೆ ಇರಲಿಲ್ಲ. ಆ ದನಿ ಕೇಳುವುದು ನನಗೆ ಇಷ್ಟವಾಗಿತ್ತು. ಪ್ರೇಮವೇ ಎಂದು ಹಲ್ಲು ಕಿರಿಯುವವರು ಕಿರಿಯಲಿ. ಜೊತೆಗೆ ಓದುವವರು ಇನ್ನೊಬ್ಬರಿದ್ದಾರೆ ಎಂಬ ಧೈರ್ಯ ಅದು, ಅಷ್ಟೇ.

ಬೆಂಗಳೂರಿನ ಪರೀಕ್ಷೆಯಲ್ಲಿ ಬರೆಯುವುದು ಸಲೀಸಾಗಿ ಮುಗಿಯಿತು. ಆಮೇಲೆ ಬಾಯಿಪರೀಕ್ಷೆ. ಕನ್ನಡಕದ ಪರೀಕ್ಷಕರೊಬ್ಬರು, ನಾನು ಸಾಹೇಬರ ಶಿಷ್ಯನೆಂದು ತಿಳಿದೋ ಏನೋ, ಪೂರ್ತಿ ಕ್ರಿಯಾಪದವನ್ನೇ ಕೇಳಿದರು. ‘ದೋ, ದಾಸ್, ದಾತ್’ ಎಂದೆ. ನಿಲ್ಲಿಸಿ ಉಸಿರೆಳೆದುಕೊಂಡೆ. ಕಾದೆ. ಮಣೆಗೆ ಯಾರೂ ಬಡಿಯಲಿಲ್ಲ. ಮುಂದೆ ಹೇಳಿ ಎಂದರು ಪರೀಕ್ಷಕರು. ಪದ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಒಬ್ಬನ ದನಿಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಬಹುವಚನ ಬರುವುದಿಲ್ಲ ಎಂದು ಅವರು ಬರೆದುಕೊಂಡರು. ನಪಾಸಾದೆ.

ಇನ್ನೊಂದೇ ಸಲ ಎಂದು ಅಣ್ಣ ಹೇಳಿ ಕಳಿಸಿದ. ನಾನು ಹೊನ್ನಾಳಿಗೆ ಹೋದೆ. ಎಲ್ಲಿ ಎಡವಿದೆ ಎಂದು ಸಾಹೇಬರು ಕೇಳಿದರು. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

“ಒಬ್ನೇ ಹೇಳಾಕೆ ಬಾಯೇ ಬರ್ಲಿಲ್ಲ ಸಾಹೇಬ್ರೆ,” ಎಂದೆ.

ಅವರು ಕುಟ್ಟಾಣಿಯನ್ನು ಎತ್ತಿ ಪಕ್ಕಕ್ಕಿಟ್ಟರು. “ತಪ್ಪು ನಂದೈತೆ,” ಎಂದರು. “ನಾಳೆಯಿಂದ ಎಲ್ಡೂ ನೀನೇ ಹೇಳ್ಬೇಕು.” ಆಮೇಲೆ ಪರದೆಯ ಕಡೆ ತಿರುಗಿ, ಇನ್ನು ಮೇಲೆ ನೀನು ಬಂದು ಕೂರುವುದು ಬೇಡ ಎಂದು ಉರ್ದುವಿನಲ್ಲಿ ಹೇಳಿದ್ದು ನನಗೆ ಅರೆಬರೆ ತಿಳಿಯಿತು. ನನಗೆ ಹಾಯೆನಿಸಿತು. ಬೈಗುಳ ತಿನ್ನುವೆನೆಂದು ಬಂದಿದ್ದೆ, ಇಷ್ಟಕ್ಕೇ ಮುಗಿಯಿತಲ್ಲ ಎಂದುಕೊಂಡೆ. ಮರುಸಲ ನಾನು ಪಾಸಾದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೆನಪಿನಲ್ಲಿ ಕೂತದ್ದು ಅದಲ್ಲ.

ಮನೆಯಲ್ಲಿ ಅವರದು ಉರ್ದು. ಅಂದು ಅವಳು ತಂದೆಯೊಡನೆ ಕನ್ನಡದಲ್ಲಿ ಮಾತಾಡಿದಳು, ನನಗೂ ತಿಳಿಯಲೆಂದೇ ಇರಬೇಕು.

“ಅಬ್ಬಾ, ನನ್ ಕೈಲಿ ಏಕವಚನ ಒಂದ್ಸಲನೂ ಹೇಳ್ಸಲಿಲ್ವಲ್ಲ.”

ಪರದೆಯಾಚೆ ಚಾಪೆ ಸುತ್ತುವ ಸದ್ದಾಯಿತು.